ಐವರು ರಿಸೀವರು, ಒಂದೇ ದಸರಾ ರಜೆ

ಅಮೆರಿಕದಲ್ಲಿರುವ ಮಕ್ಕಳು ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಕಾಣಿಕೆ ತರುವುದಕ್ಕೆ ಒಂದು ಕ್ರಮವಿದೆ. ಮೊದಲ ಸಲ ಬಾದಾಮಿ, ಚಾಕೊಲೇಟು. ಮುಂದಿನ ಸಲ ಬಿ.ಪಿ. ನೋಡುವ ಮಿಷಿನ್ನು. ಅದರ ಮುಂದಿನ ಸಲ ಮೊಣಕಾಲಿಗೆ ಬಿಗಿಯುವ ಪಟ್ಟಿ, ಹೆಜ್ಜೆ ಎಣಿಸುವ ವಾಚು. ತರುವುದೆಲ್ಲ ಮುಗಿದ ಮೇಲೆ, 2024ರ ಆಗಸ್ಟಿನಲ್ಲಿ, ನನ್ನ ಮಗ ನನಗೊಂದು ಫುಟ್‌ಬಾಲ್ ತಂಡ ಕೊಟ್ಟ.

ತಂಡವೆಂದರೆ ಚಡ್ಡಿ ಹಾಕಿಕೊಂಡು ಬಂದು ಎದುರಿಗೆ ನಿಲ್ಲುವ ತಂಡವಲ್ಲ, ಮೊಬೈಲಿನೊಳಗಿನ ತಂಡ. ಮಗ ಇರುವುದು ಶಾರ್ಲೆಟ್ ಎಂಬ ಊರಿನಲ್ಲಿ. ಅವನ ಆಫೀಸಿನ ಹನ್ನೆರಡು ಮಂದಿ ಪ್ರತಿವರ್ಷ ಫ್ಯಾಂಟಸಿ ಫುಟ್‌ಬಾಲ್ ಆಡುತ್ತಾರೆ. ಆ ಸಲ ಒಬ್ಬ ಕೆಲಸ ಬಿಟ್ಟು ಹೋಗಿದ್ದ.

“ಅಪ್ಪಾ, ಒಬ್ಬರು ಕಡಿಮಿ ಬಿದ್ದಾರ. ನೀವು ಸುಮ್ಮನ ಹೆಸರಿಗೆ ಇರ್ರಿ, ಉಳಿದದ್ದು ಮಿಷಿನ್ನೇ ಮಾಡ್ತದ” ಎಂದ.

“ಹೆಸರಿಗೆ ಇರೋದು ನಿಮ್ಮಪ್ಪಗ ಹೇಳಿಕೊಡಬೇಕಾಗಿಲ್ಲ. ಸರ್ವಿಸ್ ಪೂರಾ ಅದನ್ನೇ ಮಾಡ್ಯಾರ” ಎಂದು ಒಳಗಿನಿಂದ ನನ್ನಾಕೆಯ ದನಿ ಬಂತು.

ಆ ಮಾತು ಬರದೇ ಇದ್ದಿದ್ದರೆ ನಾನು ಹೆಸರಿಗೇ ಇರುತ್ತಿದ್ದೆನೋ ಏನೋ. ಬಂದಮೇಲೆ ಸುಮ್ಮನಿರುವ ಪ್ರಶ್ನೆಯೇ ಇರಲಿಲ್ಲ. ಒಂದು ರಾಷ್ಟ್ರೀಕೃತ ಬ್ಯಾಂಕಿನ ನಿವೃತ್ತ ಶಾಖಾ ವ್ಯವಸ್ಥಾಪಕ ತಂಡ ಕಟ್ಟಲು ನಿಂತರೆ ಹೇಗಿರುತ್ತದೆ ಎಂಬುದನ್ನು ಅಮೆರಿಕಕ್ಕೂ ಅಡುಗೆಮನೆಗೂ ಒಟ್ಟಿಗೇ ತೋರಿಸಿಬಿಡೋಣ ಎಂದುಕೊಂಡೆ.

ನಾವಿರುವುದು ಸಿಲ್ಲೋಡಿನಲ್ಲಿ. ಛತ್ರಪತಿ ಸಂಭಾಜಿನಗರದಿಂದ ಅಜಂತಾ ಗುಹೆ ನೋಡಲು ಹೊರಟವರು ನಮ್ಮೂರಿನಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಾರೆ. ಕಲಬುರಗಿಯ ಕಡೆಯವನಾದ ನಾನು ಚಹಾ ಕುಡಿದು ಇಲ್ಲಿಯೇ ಉಳಿದವನು. ಕೊನೆಯ ಪೋಸ್ಟಿಂಗು ಇಲ್ಲಿಗೆ ಬಿತ್ತು, ಮನೆ ಅಗ್ಗಕ್ಕೆ ಸಿಕ್ಕಿತು, ನನ್ನಾಕೆಗೆ ಗೆಳತಿಯರು ಸಿಕ್ಕರು. ಸುತ್ತಲೆಲ್ಲ ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿ. ಈ ತಾಲ್ಲೂಕಿನ ಬೆಳೆಸಾಲದ ಫೈಲುಗಳಲ್ಲಿ ನನ್ನ ಸಹಿ ಎಷ್ಟಿವೆಯೋ ಲೆಕ್ಕವಿಲ್ಲ. ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಕಾಗದ ನೋಡಿ, ಇವನು ತೀರಿಸುವವನೋ ಮುಳುಗಿಸುವವನೋ ಎಂದು ಹೇಳುವುದೇ ನನ್ನ ಕಸುಬಾಗಿತ್ತು. ನಿವೃತ್ತಿಯಾದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲದೆ, ತರಕಾರಿಯವನ ಬದನೆಕಾಯಿಯನ್ನು ತಿರುಗಿಸಿ ನೋಡಿ ಬೈಸಿಕೊಳ್ಳುವುದು ನಡೆದಿತ್ತು.

ಮೊದಲು ಆಟ ಅರ್ಥವಾಗಬೇಕಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗೆ ಕೆಲಸ ಕಡಿಮೆ. ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡು ಎಸೆಯುತ್ತಾನೆ. ವೈಡ್ ರಿಸೀವರ್ ಎಂಬಾತ ಮೈದಾನದ ಅಂಚಿನಿಂದ ಓಟ ಕಿತ್ತು, ಬೆನ್ನಿಗೊಬ್ಬ ಪಕ್ಕಕ್ಕೊಬ್ಬ ಅಂಟಿಕೊಂಡು ಬರುತ್ತಿರುವಾಗಲೇ ಅದನ್ನು ಹಿಡಿಯುತ್ತಾನೆ. ರನ್ನಿಂಗ್ ಬ್ಯಾಕ್ ಎಂಬ ಇನ್ನೊಬ್ಬನಿದ್ದಾನೆ. ಅವನ ಕೈಗೆ ಚೆಂಡನ್ನು ಕೊಟ್ಟೇ ಬಿಡುತ್ತಾರೆ, ಅವನು ಗುಂಪಿನೊಳಗೆ ನುಗ್ಗಿ ಓಡಬೇಕು. ನಿಜವಾದ ಪಂದ್ಯದಲ್ಲಿ ಇವರು ಮಾಡಿದ್ದಕ್ಕೆಲ್ಲ ನಮ್ಮ ಮೊಬೈಲಿನಲ್ಲಿ ಅಂಕ ಬೀಳುತ್ತದೆ. ಮಗನ ಲೀಗಿನಲ್ಲಿ ಒಂದು ಕ್ಯಾಚಿಗೆ ಒಂದು ಅಂಕ, ಹತ್ತು ಗಜಕ್ಕೆ ಒಂದು, ಕೊನೆಯ ಗೆರೆ ದಾಟಿದರೆ, ಅಂದರೆ ಟಚ್‌ಡೌನ್ ಆದರೆ, ಆರು. ಒಬ್ಬ ರಿಸೀವರ್ ಆರು ಕ್ಯಾಚು ಹಿಡಿದು, 80 ಗಜ ಗಳಿಸಿ, ಒಮ್ಮೆ ಗೆರೆ ದಾಟಿದನೆಂದರೆ ನಮಗೆ 20 ಅಂಕ. ಅಲ್ಲಿ ಅವನ ಪಕ್ಕೆಲುಬು ಮುರಿದರೂ ಇಲ್ಲಿ ನಮಗೆ ಒಂದು ಕೂದಲೂ ಕೊಂಕುವುದಿಲ್ಲ.

“ದುಡ್ಡು ಗಿಡ್ಡು ಹಚ್ಚೋದು ಅದೇನು?” ಎಂದು ನನ್ನಾಕೆ ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಡ್ರೀಮ್ ಇಲೆವೆನ್ ಗೊತ್ತಿಲ್ಲದ ಹುಡುಗನೇ ಇರಲಿಲ್ಲ. 2008ರಲ್ಲಿ ಮುಂಬೈಯಲ್ಲಿ ಹುಟ್ಟಿದ ಆ ಕ್ರಿಕೆಟ್ ಆಟದಲ್ಲಿ ನೂರು ಕ್ರೆಡಿಟ್ಟಿನೊಳಗೆ ಹನ್ನೊಂದು ಮಂದಿಯನ್ನು ಕೂಡಿಸಬೇಕಿತ್ತು. ಕ್ಯಾಪ್ಟನ್ನಿಗೆ ಇಮ್ಮಡಿ ಅಂಕ, ವೈಸ್ ಕ್ಯಾಪ್ಟನ್ನಿಗೆ ಒಂದೂವರೆ ಪಟ್ಟು. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಲ್ಲಿಸಿತು, ಅದು ಆಮೇಲಿನ ಮಾತು. ಮಗನ ಲೀಗಿನಲ್ಲಿ ದುಡ್ಡಿರಲಿಲ್ಲ, ಮರ್ಯಾದೆ ಮಾತ್ರ ಪಣಕ್ಕಿತ್ತು. ಇನ್ನೂ ಒಂದು ವ್ಯತ್ಯಾಸ: ಕ್ರಿಕೆಟ್ಟಿನ ಆಟದಲ್ಲಿ ಲಕ್ಷ ಮಂದಿ ಒಬ್ಬನೇ ಕೊಹ್ಲಿಯನ್ನು ಇಟ್ಟುಕೊಳ್ಳಬಹುದು. ಇಲ್ಲಿ ಒಬ್ಬ ಆಟಗಾರ ಒಬ್ಬರ ಪಾಲಿಗೆ ಮಾತ್ರ. ಸರದಿ ಪ್ರಕಾರ ಒಬ್ಬೊಬ್ಬರನ್ನಾಗಿ ಎತ್ತಿಕೊಳ್ಳಬೇಕು. ಹನ್ನೆರಡನೆಯವನ ತನಕ ಹೋದ ಸರದಿ ಅವನಿಂದಲೇ ಹಿಂದಕ್ಕೆ ತಿರುಗುತ್ತದೆ. ಇದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ನನಗೆ ಆರನೆಯ ಸರದಿ ಬಿತ್ತು.

ಈ ಹುಚ್ಚು ಹೊಸದಲ್ಲ ಎಂದು ತಿಳಿದು ಸಮಾಧಾನವಾಯಿತು. 1962ರಲ್ಲಿ ಓಕ್‌ಲ್ಯಾಂಡ್ ರೇಡರ್ಸ್ ತಂಡದ ಪಾಲುದಾರ ಬಿಲ್ ವಿಂಕನ್‌ಬಾಕ್ ಎಂಬಾತ ತಂಡದ ಜೊತೆ ನ್ಯೂಯಾರ್ಕಿಗೆ ಹೋದಾಗ, ಹೋಟೆಲಿನಲ್ಲಿ ಕೂತು ಒಬ್ಬ ಪತ್ರಕರ್ತನನ್ನೂ ತಂಡದ ಒಬ್ಬ ನೌಕರನನ್ನೂ ಸೇರಿಸಿಕೊಂಡು ಇದರ ನಿಯಮಗಳನ್ನು ಬರೆದನಂತೆ. ಮರುವರ್ಷ ಅವನ ಮನೆಯಲ್ಲೇ ಮೊದಲ ಡ್ರಾಫ್ಟ್ ನಡೆಯಿತು. ಎಂಟು ತಂಡ, ಮೊದಲು ಎತ್ತಿಕೊಂಡದ್ದು ಜಾರ್ಜ್ ಬ್ಲಾಂಡಾ ಎಂಬವನನ್ನು. ಕೊನೆಯ ಸ್ಥಾನಕ್ಕೆ ಬಂದವನಿಗೂ ಒಂದು ಪಾರಿತೋಷಕವಿತ್ತು: ದಡ್ಡರ ಟೊಪ್ಪಿಗೆ ತೊಟ್ಟ ಮರದ ಮುಖ. ಅದನ್ನು ಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡಬೇಕು. ಈ ಸಂಗತಿಯನ್ನು ನನ್ನಾಕೆಗೆ ಓದಿ ಹೇಳುವ ಅಗತ್ಯವಿರಲಿಲ್ಲ. ಓದಿ ಹೇಳಿದೆ.

ಇನ್ನು ಮೌಲ್ಯಮಾಪನ. ಮಗ ಒಂದು ಪಟ್ಟಿ ಕಳಿಸಿ, “ಮ್ಯಾಲಿಂದ ಕೆಳಗ ತಗೊಂಡು ಹೋಗ್ರಿ, ಸಾಕು” ಎಂದಿದ್ದ. ಪಟ್ಟಿ ನೋಡಿ ಸಾಲ ಕೊಡುವುದಾದರೆ ಮ್ಯಾನೇಜರು ಯಾಕೆ ಬೇಕು, ಪ್ಯೂನ್ ಸಾಲದೆ? ನಾನು ಉಪಯೋಗಿಸದೆ ಉಳಿದ ಬ್ಯಾಂಕಿನ ಹಳೆಯ ಡೈರಿ ತೆಗೆದು ಒಬ್ಬೊಬ್ಬ ರಿಸೀವರಿಗೆ ಒಂದೊಂದು ಪುಟದ ಪ್ರಪೋಸಲ್ ಬರೆದೆ. ಅರ್ಜಿದಾರನ ಹೆಸರು, ವಯಸ್ಸು, ಕಳೆದ ಮೂರು ವರ್ಷದ ಆದಾಯ, ಹಿಂದಿನ ವ್ಯವಹಾರ, ಜಾಮೀನುದಾರ. ಜಾಮೀನುದಾರನೆಂದರೆ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕು. ಅವನ ಭುಜ ಗಟ್ಟಿಯಿದ್ದರೆ ಮಾತ್ರ ಇವನ ಕೈಗೆ ಬೆಲೆ.

ಮೊದಲ ಅರ್ಜಿ ಜಸ್ಟಿನ್ ಜೆಫರ್ಸನ್‌ನದು. ವಯಸ್ಸು 25, ಮಿನ್ನೆಸೋಟ ವೈಕಿಂಗ್ಸ್. 2022ರಲ್ಲಿ 128 ಕ್ಯಾಚು, 1,809 ಗಜ. 2023ರಲ್ಲಿ ಗಾಯವಾಗಿ ಹತ್ತೇ ಪಂದ್ಯ ಆಡಿದರೂ ಸಾವಿರ ಗಜ ದಾಟಿದ್ದಾನೆ. ಆದರೆ ಜಾಮೀನುದಾರನ ಕಾಲಂನಲ್ಲಿ ತೊಂದರೆ. ಹಳೆಯ ಕ್ವಾರ್ಟರ್‌ಬ್ಯಾಕ್ ಅಟ್ಲಾಂಟಾಕ್ಕೆ ಹೋಗಿದ್ದ; ಆರಿಸಿ ತಂದ ಹೊಸ ಹುಡುಗನ ಮೊಣಕಾಲು ಆಗಸ್ಟಿನಲ್ಲೇ ಕೈಕೊಟ್ಟಿತ್ತು; ಉಳಿದವನು ಸ್ಯಾಮ್ ಡಾರ್ನಲ್ಡ್, ಊರೂರು ತಿರುಗಿ ಬಂದವನು. ಷರಾ: “ಜಾಮೀನು ದುರ್ಬಲ, ಅರ್ಜಿದಾರ ಸಬಲ. ಮಂಜೂರು.”

ಎರಡನೆಯದು ಜಾಮಾರ್ ಚೇಸ್, ಸಿನ್ಸಿನಾಟಿ ಬೆಂಗಾಲ್ಸ್. ಕೈ ಒಳ್ಳೆಯದು, ಕಾಲು ಒಳ್ಳೆಯದು, ಜಾಮೀನೂ ಗಟ್ಟಿ. ಆದರೆ ಹೊಸ ಒಪ್ಪಂದ ಬೇಕೆಂದು ಆಗಸ್ಟ್ ತಿಂಗಳಿಡೀ ಅಭ್ಯಾಸಕ್ಕೆ ಸರಿಯಾಗಿ ಇಳಿಯದೆ ನಿಂತಿದ್ದ. ಸಂಬಳದ ತಕರಾರಿನವರನ್ನು ನಾನು ಶಾಖೆಯಲ್ಲೂ ಹತ್ತಿರ ಸೇರಿಸಿದವನಲ್ಲ. ಷರಾ: “ಶಿಸ್ತಿಲ್ಲ. ತಿರಸ್ಕೃತ.” ಆ ವರ್ಷ ಈ ಚೇಸ್ 127 ಕ್ಯಾಚು, 1,708 ಗಜ, 17 ಟಚ್‌ಡೌನು ಮಾಡಿ ಮೂರರಲ್ಲೂ ಇಡೀ ದೇಶಕ್ಕೆ ಮೊದಲಿಗನಾದ. ಶಿಸ್ತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಈಗಲೂ ಅದೇ.

ಕೂಪರ್ ಕಪ್ ಎಂಬ ಹಿರಿಯನೊಬ್ಬನಿದ್ದ, ಲಾಸ್ ಏಂಜಲೀಸ್ ರ‍್ಯಾಮ್ಸ್. 2021ರಲ್ಲಿ 145 ಕ್ಯಾಚು, 1,947 ಗಜ, 16 ಟಚ್‌ಡೌನು. ಓದಿ ಕಣ್ಣು ತುಂಬಿ ಬಂತು. ಆಮೇಲಿನ ಎರಡು ವರ್ಷ ಪಾದದ ಕೀಲು, ತೊಡೆ ಎಂದು ಆಗಾಗ ಮಲಗಿದ್ದ, ವಯಸ್ಸು 31. “ಈ ಪೇಪರು ಮೂರು ವರ್ಷದ ಹಿಂದಿಂದು ಅದಲ್ರಿ” ಎಂದು ನನ್ನಾಕೆ ಹೆಗಲ ಮೇಲಿಂದ ಬಗ್ಗಿ ನೋಡಿ ಹೇಳಿದಳು. ಹಳೇ ಗಿರಾಕಿ, ಮಾತಿಗೆ ತಪ್ಪುವವನಲ್ಲ ಎಂದು ನಾನು ಮಂಜೂರು ಮಾಡಿದೆ. ಮಯಾಮಿಯ ಜೇಲನ್ ವ್ಯಾಡಲ್ ಬಂದ ಮೂರು ವರ್ಷವೂ ಸಾವಿರ ಗಜ ದಾಟಿದವನು. ಮೂರು ವರ್ಷದ ಆದಾಯ ಇಷ್ಟು ಸಮನಾಗಿರುವ ಅರ್ಜಿ ಸಿಲ್ಲೋಡಿನಲ್ಲಿ ನನಗೆ ಒಂದೂ ಬಂದಿರಲಿಲ್ಲ. ಗೆರೆ ದಾಟಿದಾಗ ಪೆಂಗ್ವಿನ್ ಹಾಗೆ ಹೆಜ್ಜೆ ಹಾಕಿ ಕುಣಿಯುತ್ತಾನೆ ಎಂಬುದೊಂದು ಚಿಕ್ಕ ದೋಷ. ಕಾನ್ಸಾಸ್ ಸಿಟಿಯ ರಶೀ ರೈಸ್‌ಗೆ ಒಂದೇ ವರ್ಷದ ಅನುಭವ, ಆದರೆ ಜಾಮೀನುದಾರ ಪ್ಯಾಟ್ರಿಕ್ ಮಹೋಮ್ಸ್. ಅಂಥ ಜಾಮೀನು ಬಂದರೆ ಅರ್ಜಿದಾರನ ಮುಖವನ್ನೇ ನೋಡುವುದಿಲ್ಲ.

ಇಷ್ಟು ಬರೆಯುವಾಗ ಒಂದು ಸತ್ಯ ಹೊಳೆಯಿತು. ಜಾಣರೆಲ್ಲ ನೋಡುವುದು ಕ್ಯಾಚಿನ ಸಂಖ್ಯೆಯನ್ನಲ್ಲ, ಟಾರ್ಗೆಟ್ಟನ್ನು; ಅಂದರೆ ಒಬ್ಬನ ಕಡೆಗೆ ಎಷ್ಟು ಸಲ ಚೆಂಡು ಎಸೆದರು ಎಂಬುದನ್ನು. ಕೈ ಎಷ್ಟೇ ಚೆನ್ನಾಗಿರಲಿ, ಎಸೆಯುವವರೇ ಇಲ್ಲದಿದ್ದರೆ ಸೊನ್ನೆ. ಈ ಮಾತು ನನ್ನ ಎದೆಗೇ ಬಂದು ನಾಟಿತು. ಕೆಲಸದಲ್ಲಿದ್ದಾಗ ಮಾರ್ಚ್ 31 ಹತ್ತಿರ ಬಂದರೆ ಹೆಡ್ ಆಫೀಸಿನವರು ದಿನಕ್ಕೆ ಹತ್ತು ಟಾರ್ಗೆಟ್ ನನ್ನ ಕಡೆಗೆ ಎಸೆಯುತ್ತಿದ್ದರು. ಈಗ ಯಾರು ಎಸೆಯುತ್ತಾರೆ? ಊಟದ ಹೊತ್ತಿನಲ್ಲಿ ಈ ನೋವನ್ನು ಹೇಳಿಕೊಂಡೆ. ಡೆಟ್ರಾಯ್ಟಿನ ಅಮಾನ್-ರಾ ಸೇಂಟ್ ಬ್ರೌನ್ ಎಂಬ ರಿಸೀವರ್ ಅಭ್ಯಾಸ ಮುಗಿದ ಮೇಲೂ ಮಿಷಿನ್ನಿನ ಮುಂದೆ ನಿಂತು ದಿನಕ್ಕೆ 202 ಚೆಂಡು ಹಿಡಿಯುತ್ತಾನೆ, ತನಗಿಂತ ಮೊದಲು ಆರಿಸಿಕೊಂಡ 16 ರಿಸೀವರುಗಳ ಹೆಸರನ್ನು ಬಾಯಿಪಾಠ ಹೇಳುತ್ತಾನೆ ಎಂದೂ ಹೇಳಿದೆ. ಅವಕಾಶ ಸಿಕ್ಕರೆ ಮನುಷ್ಯ ಏನೆಲ್ಲ ಮಾಡಬಲ್ಲ ನೋಡು ಎಂಬುದು ನನ್ನ ಅಭಿಪ್ರಾಯ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹಂಗಾದ್ರ ನಿಮ್ಮ ಕಡಿ ಯಾರೂ ಒಗ್ಯಾಂಗಿಲ್ಲೇನು? ಮುಂಜಾನಿಂದ ನಾ ಒಗದಿದ್ದೆಷ್ಟು, ನೀವು ಹಿಡಿದಿದ್ದೆಷ್ಟು?”

ಮರುದಿನದಿಂದ ಲೆಕ್ಕ ಶುರುವಾಯಿತು. ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹಾಲು ಹೆಚ್ಚಿಗೆ ತೆಗೆದುಕೊಂಡ ದಿನ ಗುರುತು ಹಾಕುವ ಚೌಕದಲ್ಲೇ ಅವಳು ಪೆನ್ಸಿಲಿನಿಂದ ಎರಡು ಅಂಕಿ ಬರೆಯತೊಡಗಿದಳು: ‘ಒ’ ಎಂದರೆ ಒಗೆದದ್ದು, ‘ಹಿ’ ಎಂದರೆ ಹಿಡಿದದ್ದು. ಗ್ಯಾಸ್ ಬುಕ್ ಮಾಡ್ರಿ: ಒಗೆದದ್ದು. ಟಾಕಿ ತುಂಬಿ ಹರಿಲಿಕತ್ತದ, ಮೋಟರ್ ಬಂದ್ ಮಾಡ್ರಿ: ಒಗೆದದ್ದು. ಹಾಲು ಒಲಿ ಮ್ಯಾಲ ಅದ, ನೋಡ್ಕೊಳ್ರಿ: ಒಗೆದದ್ದು, ಉಕ್ಕಿದ್ದು, ಒರೆಸಿದ್ದು. ವಾರದ ಕೊನೆಗೆ ನನ್ನ ಶೇಕಡಾವಾರು ನೋಡಿದರೆ ಅಮೆರಿಕದಲ್ಲಿ ಯಾವ ತಂಡವೂ ನನ್ನನ್ನು ನೀರು ಕೊಡುವುದಕ್ಕೂ ಇಟ್ಟುಕೊಳ್ಳುತ್ತಿರಲಿಲ್ಲ.

ನಾನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಮಿಕ್ಸರ್ ಚಾಲೂ ಇರುವಾಗ ಅಡುಗೆಮನೆಯಿಂದ ಒಗೆದ ಮಾತು ‘ಹಿಡಿಯಲಾಗದ ಎಸೆತ’. ಅಂಥದನ್ನು ಶಾಸ್ತ್ರಜ್ಞರೇ ಲೆಕ್ಕದಿಂದ ಬಿಡುತ್ತಾರೆ ಎಂದು ತಕರಾರು ಎತ್ತಿದೆ. ಜೊತೆಗೆ, “ಊಟಕ್ಕ ಬರ್ರಿ” ಎಂಬ ಎಸೆತವನ್ನು ನಾನು ಒಂದು ದಿನವೂ ಕೈಬಿಟ್ಟಿಲ್ಲ, ಅದನ್ನು ಸೇರಿಸಿಯೇ ಇಲ್ಲವಲ್ಲ ಎಂದೆ.

“ಅದು ಒಗದಿದ್ದಲ್ಲ, ಕೈಯಾಗ ಕೊಟ್ಟಿದ್ದು. ಕೈಯಾಗ ಕೊಟ್ಟಿದ್ದಕ್ಕ ಕ್ಯಾಚ್ ಅನ್ನಂಗಿಲ್ಲ ಅಂತ ನೀವೇ ನಿನ್ನೆ ಫೋನಿನಾಗ ಒದರಲಿಕತ್ತಿದ್ರಿ” ಎಂದಳು. ನಿಯಮ ಕಲಿಸಿದವನ ಪಾಡು ಇದು.

ಡ್ರಾಫ್ಟಿನ ದಿನ ಬಂತು. ಅವರಿಗೆ ಸೆಪ್ಟೆಂಬರ್ 1ರ ಭಾನುವಾರ ರಾತ್ರಿ ಎಂಟು ಗಂಟೆ, ನಮಗೆ ಸೋಮವಾರ ಬೆಳಗಿನ ಐದೂವರೆ. ಆ ಸೋಮವಾರ ಶ್ರಾವಣದ ಅಮಾವಾಸ್ಯೆ, ಇಲ್ಲಿ ಪೋಳಾ ಹಬ್ಬ. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳಿಗೆ ಏನೇನು ಮಾಡುತ್ತೇವೋ ಅದನ್ನೆಲ್ಲ ಮರಾಠವಾಡದವರು ಪೋಳಾಕ್ಕೆ ಮಾಡುತ್ತಾರೆ. ಹಿಂದಿನ ದಿನ ಹೆಗಲಿಗೆ ತುಪ್ಪ-ಅರಿಸಿನ ತಿಕ್ಕಿ, ನಾಳೆ ಊಟಕ್ಕೆ ಬನ್ನಿ ಎಂದು ಎತ್ತಿಗೇ ಆಮಂತ್ರಣ ಹೇಳುತ್ತಾರೆ. ಹಬ್ಬದ ದಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬೆನ್ನ ಮೇಲೆ ಝೂಲು ಹೊದಿಸಿ, ಹೋಳಿಗೆ ತಿನ್ನಿಸಿ ಮೆರವಣಿಗೆ. ನೊಗ ಹೊರಿಸುವುದಿಲ್ಲ. ಬೆಳಕು ಹರಿಯುವ ಮೊದಲೇ ನಮ್ಮ ಓಣಿಯಲ್ಲಿ ಗೆಜ್ಜೆಯ ಸದ್ದು ಕೇಳಿಸುತ್ತಿತ್ತು. ನಾನು ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಡೈರಿ ತೆರೆದು, ಮೊಬೈಲಿನ ಮುಂದೆ ಕೂತೆ.

ಒಂದೊಂದು ಆಯ್ಕೆಗೆ ಒಂದೂವರೆ ನಿಮಿಷ. ಮಗ ಟೈರೀಕ್ ಹಿಲ್‌ನನ್ನು ಎತ್ತಿದ. ಆರನೆಯದಾಗಿ ನಾನು ಜೆಫರ್ಸನ್‌ನನ್ನು ಒತ್ತಿದೆ. ಚೇಸ್ ಅಲ್ಲೇ ಇದ್ದ, ನನ್ನ ಮುಖ ನೋಡುತ್ತಿದ್ದ; ನಾನು ನೋಡಲಿಲ್ಲ. ಎರಡನೆಯ ಸರದಿ ಇನ್ನೇನು ಬರಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ವೈಫೈ ಡಬ್ಬಿಯ ಹಸಿರು ಕಣ್ಣು ಮುಚ್ಚಿತು. ಮೊಬೈಲಿನ ಡೇಟಾ ಎಲ್ಲಿದೆ, ಅದನ್ನು ಹೇಗೆ ಚಾಲೂ ಮಾಡುವುದು ಎಂದು ಹುಡುಕುವ ಹೊತ್ತಿಗೆ ಹಾಲಿನವನು ಕೂಗಿದ, ನನ್ನಾಕೆ ಪಾತ್ರೆ ಹಿಡಿದುಕೊಂಡು ಹೋಗ್ರಿ ಎಂದು ಒಗೆದಳು, ನಾನು ಹಿಡಿಯಲಿಲ್ಲ. ಡೇಟಾ ಬಂದಾಗ ನನ್ನ ಸರದಿ ಮುಗಿದು, ಮಿಷಿನ್ನು ತಾನೇ ಒಬ್ಬನನ್ನು ಆರಿಸಿಬಿಟ್ಟಿತ್ತು: ಡೆರಿಕ್ ಹೆನ್ರಿ, ಬಾಲ್ಟಿಮೋರ್ ರೇವನ್ಸ್.

ಹೆನ್ರಿ ರಿಸೀವರೇ ಅಲ್ಲ, ರನ್ನಿಂಗ್ ಬ್ಯಾಕು. ವಯಸ್ಸು 30, ಗುದ್ದಾಡಿ ಓಡುವವರಿಗೆ ಅದು ರಿಟೈರ್ಮೆಂಟಿನ ವಯಸ್ಸು. ನನ್ನ ಡೈರಿಯಲ್ಲಿ ಅವನ ಪುಟವೇ ಇರಲಿಲ್ಲ. ಅರ್ಜಿಯಿಲ್ಲದೆ, ತನಿಖೆಯಿಲ್ಲದೆ, ಸಹಿಯಿಲ್ಲದೆ ಮಂಜೂರಾದ ಸಾಲ! ಇಡೀ ಸರ್ವಿಸಿನಲ್ಲಿ ನನ್ನ ಶಾಖೆಯಲ್ಲಿ ಇಂಥದ್ದು ನಡೆದಿರಲಿಲ್ಲ. ಮುಂದಿನ ಸರದಿಗಳಲ್ಲಿ ವ್ಯಾಡಲ್, ಕಪ್, ರೈಸ್ ಮೂವರನ್ನೂ ಡೈರಿಯ ಪ್ರಕಾರ ಎತ್ತಿಕೊಂಡು ಆಡಳಿತವನ್ನು ಮತ್ತೆ ಹಳಿಗೆ ತಂದೆ.

ಹೆನ್ರಿಯನ್ನು ಆಡಿಸುವ ಮನಸ್ಸಾಗಲಿಲ್ಲ. ಕರೆಂಟ್ ಆರಿಸಿದವನನ್ನು ಆಡಿಸಿ ಗೆದ್ದರೆ ಆ ಗೆಲುವು ನನ್ನದೋ ಕರೆಂಟಿನದೋ? ಬೆಂಚಿನ ಮೇಲೆ ಕೂರಿಸಿದೆ. ಮೊದಲ ಪಂದ್ಯದಲ್ಲಿ ಅವನು 46 ಗಜ ಓಡಿದ, ಎರಡನೆಯದರಲ್ಲಿ 84. ನೋಡಿದೆಯಾ ಎಂದು ನನ್ನಾಕೆಗೆ ತೋರಿಸಿದೆ. ಅದೇ ಎರಡನೆಯ ವಾರ ಕಪ್‌ನ ಪಾದದ ಕೀಲು ಉಳುಕಿತು. ನನಗೊಬ್ಬ ರಿಸೀವರ್ ಬೇಕಾಯಿತು. ಆಗ ಮಗನ ಮೆಸೇಜು ಬಂತು: “ಅಪ್ಪಾ, ಹೆನ್ರಿ ಕೊಡ್ತೀರೇನು? ಟೈರೀಕ್ ಹಿಲ್ ಕೊಡ್ತೀನಿ.”

ಟೈರೀಕ್ ಹಿಲ್! 2023ರಲ್ಲಿ 1,799 ಗಜ, ದೇಶಕ್ಕೇ ಹೆಚ್ಚು. ಹೆತ್ತ ಮಗನ ಹತ್ತಿರ ಇಷ್ಟು ಲಾಭ ಮಾಡಿಕೊಳ್ಳಬಹುದೇ ಎಂದು ಒಂದು ಕ್ಷಣ ಸಂಕೋಚವಾಯಿತು. ವ್ಯವಹಾರದಲ್ಲಿ ಅಪ್ಪ-ಮಗ ಎಂಬುದಿಲ್ಲ ಎಂದುಕೊಂಡು ಒಪ್ಪಿದೆ. ಅವತ್ತು ಸೆಪ್ಟೆಂಬರ್ 17. ಒಂದು ಕಡೆ ಅನಂತ ಚತುರ್ದಶಿ, ಓಣಿಯಲ್ಲಿ ಗಣಪತಿ ಕಳಿಸುವ ಡೋಲು. ಇನ್ನೊಂದು ಕಡೆ 1948ರಲ್ಲಿ ನಿಜಾಮನ ಆಡಳಿತದಿಂದ ಬಿಡುಗಡೆಯಾದ ದಿನವೆಂದು ನಮ್ಮ ಕಲಬುರಗಿಯಲ್ಲೂ ಈ ಮರಾಠವಾಡದಲ್ಲೂ ಒಟ್ಟಿಗೇ ಧ್ವಜ ಹಾರಿಸುವ ದಿನ. ಅಂಥ ದಿನ ಹೆನ್ರಿಯೂ ನನ್ನಿಂದ ಬಿಡುಗಡೆಯಾದ.

ಮಯಾಮಿಯ ಕ್ವಾರ್ಟರ್‌ಬ್ಯಾಕ್ ತಲೆಗೆ ಪೆಟ್ಟು ಬಿದ್ದು ಹಿಂದಿನ ಗುರುವಾರವೇ ಮಲಗಿದ್ದ. ಸುದ್ದಿ ನನಗೂ ಗೊತ್ತಿತ್ತು. ಪೆಟ್ಟು ವಾಸಿಯಾಗುತ್ತದೆ ಎಂದುಕೊಂಡಿದ್ದೆ. ಹಿಲ್‌ಗೂ ವ್ಯಾಡಲ್‌ಗೂ ಜಾಮೀನುದಾರ ಅವನೊಬ್ಬನೇ ಎಂಬ ಅಂಶವನ್ನು ನನ್ನಾಕೆ ತೊಗರಿಬೇಳೆ ಆರಿಸುತ್ತ ಜ್ಞಾಪಿಸಿದಳು: “ಒಬ್ಬನೇ ಜಾಮೀನು, ಇಬ್ಬರಿಗೆ ಸಾಲ. ಬ್ಯಾಂಕಿನಾಗ ಹಿಂಗ ಮಾಡಿದ್ರ ಸಸ್ಪೆಂಡ್ ಮಾಡ್ತಿದ್ದಿಲ್ಲೇನ್ರಿ?” ಜಾಮೀನುದಾರ ನಾಲ್ಕು ಪಂದ್ಯ ಆಡಲಿಲ್ಲ. ಆ ಹೊತ್ತಿನಲ್ಲಿ ಹೆನ್ರಿ ಏನು ಮಾಡಿದ? ಡಲ್ಲಾಸಿನ ಮೇಲೆ 151 ಗಜ. ಮರುವಾರ ಬಫಲೋ ಮೇಲೆ 199. ಅದರಲ್ಲಿ ಚೆಂಡು ಕೈಗೆ ಬಂದ ಮೊದಲ ಸಲವೇ 87 ಗಜ ಓಡಿ ಗೆರೆ ದಾಟಿದ. ಅದೇ ದಿನ ನನ್ನ ರಶೀ ರೈಸ್‌ಗೆ ಮೊಣಕಾಲಿನ ಗಾಯವಾಗಿ ಆ ವರ್ಷದ ಆಟವೇ ಮುಗಿಯಿತು. ಪೆಟ್ಟು ಕೊಟ್ಟದ್ದು ಎದುರಾಳಿಯಲ್ಲ. ತಾನೆಸೆದ ಚೆಂಡನ್ನು ನಡುವೆಯೇ ಕಸಿದುಕೊಂಡು ಓಡುತ್ತಿದ್ದವನನ್ನು ಕೆಡವಲು ಹೋಗಿ ಮಹೋಮ್ಸನೇ ಬಂದು ಬಡಿದಿದ್ದ. ಜಾಮೀನುದಾರನೇ ಸಾಲಗಾರನ ಕಾಲು ಮುರಿದ ಪ್ರಕರಣ ಯಾವ ಬ್ಯಾಂಕಿನ ಸರ್ಕ್ಯುಲರಿನಲ್ಲಿದೆ?

ಅಕ್ಟೋಬರ್ 12, ವಿಜಯದಶಮಿ. ನೆರೆಯವರೆಲ್ಲ ಬಂದು ಬಂಗಾರವೆಂದು ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದು ಹೋದರು. ರಾತ್ರಿ ನಾನು ಆರನೆಯ ವಾರದ ತಂಡ ಕಟ್ಟಲು ಕೂತೆ. ಜೆಫರ್ಸನ್‌ನ ಹೆಸರಿನ ಮುಂದೆ ‘ಬೈ’ ಎಂದಿತ್ತು. ವ್ಯಾಡಲ್‌ನ ಮುಂದೆಯೂ ಅದೇ. ಹಿಲ್‌ನ ಮುಂದೆಯೂ. ಗಾಯವಾಗಿ ಮಲಗಿದ್ದ ಕಪ್ ಮತ್ತು ರೈಸ್‌ಗೂ. ಮೊಬೈಲ್ ಕೆಟ್ಟಿದೆ ಎಂದುಕೊಂಡು ಬಂದ್ ಮಾಡಿ ಚಾಲೂ ಮಾಡಿದೆ. ಕೆಟ್ಟಿರಲಿಲ್ಲ. ಹಂಗಾಮಿನಲ್ಲಿ ಪ್ರತಿ ತಂಡಕ್ಕೂ ಒಂದು ವಾರ ರಜೆಯಂತೆ. ಆ ವರ್ಷ ವೈಕಿಂಗ್ಸ್, ಮಯಾಮಿ ಡಾಲ್ಫಿನ್ಸ್, ರ‍್ಯಾಮ್ಸ್, ಕಾನ್ಸಾಸ್ ಸಿಟಿ ಚೀಫ್ಸ್ ಈ ನಾಲ್ಕಕ್ಕೂ ಆರನೆಯ ವಾರವೇ. ಮೂವತ್ತೆರಡು ತಂಡಗಳಲ್ಲಿ ನಾಲ್ಕಕ್ಕೆ ಮಾತ್ರ ಅವತ್ತು ರಜೆ, ನನ್ನ ಐವರೂ ಆ ನಾಲ್ಕರಲ್ಲೇ.

ಶಾಖೆಯಲ್ಲಿ ಒಂದೇ ದಿನ ಇಬ್ಬರು ಕ್ಲರ್ಕುಗಳು ರಜೆ ಕೇಳಿದರೆ ಒಬ್ಬನ ಅಜ್ಜಿ ಸತ್ತದ್ದು ನಿಜವೇ ಎಂದು ವಿಚಾರಿಸಿ ಬಿಡುತ್ತಿದ್ದವನು ನಾನು. ಅಂಥವನ ಕೈಕೆಳಗೆ ಐವರು ಒಟ್ಟಿಗೆ ದಸರಾ ರಜೆ ಹೊಡೆದಿದ್ದರು. ನನ್ನ ಪ್ರಪೋಸಲ್ ಫಾರ್ಮಿನಲ್ಲಿ ರಜೆಯ ಕಾಲಂ ಇರಲಿಲ್ಲವೆಂಬುದು ನಿಜ. ಆದರೆ ಸಾಲ ಕೊಡುವಾಗ ಯಾರು ರಜೆಯ ವಿಚಾರ ಕೇಳುತ್ತಾರೆ? ಮಗನಿಗೆ ಫೋನ್ ಮಾಡಿದರೆ, “ಪಟ್ಟಿಯಾಗ ಹೆಸರಿನ ಬಾಜೂಕ್ಕೇ ಬರದಿತ್ತಲ್ಲ ಅಪ್ಪಾ” ಎಂದ. ಪಟ್ಟಿಯನ್ನು ನಾನು ತೆರೆದೇ ಇರಲಿಲ್ಲ, ತತ್ವದ ಪ್ರಶ್ನೆ.

ಹಂಗಾಮು ಮುಗಿದಾಗ ಲೆಕ್ಕ ಹೀಗಿತ್ತು. ಜೆಫರ್ಸನ್ ಮಾತಿಗೆ ತಪ್ಪಲಿಲ್ಲ: 103 ಕ್ಯಾಚು, 1,533 ಗಜ. ಊರೂರು ತಿರುಗಿ ಬಂದ ಡಾರ್ನಲ್ಡ್ 35 ಟಚ್‌ಡೌನು ಎಸೆದು ನನ್ನ ಷರಾದ ಅರ್ಧವನ್ನು ಸುಳ್ಳು ಮಾಡಿದ. ಮೂರು ವರ್ಷ ಸಮನಾಗಿ ಗಳಿಸಿದ್ದ ವ್ಯಾಡಲ್ 744 ಗಜಕ್ಕೆ ನಿಂತ. ಹಿಲ್ ಸಾವಿರ ಮುಟ್ಟಲಿಲ್ಲ. ಹೆನ್ರಿ 1,921 ಗಜ ಓಡಿ, 16 ಸಲ ಗೆರೆ ದಾಟಿದ. ಮಗ ಲೀಗ್ ಗೆದ್ದ. ನಾನು ಹನ್ನೆರಡನೆಯವನಾದೆ. ಕರೆಂಟಿಗೆ ಪೂರ್ತಿ ತಂಡ ಬಿಟ್ಟುಕೊಟ್ಟಿದ್ದರೆ ಎಷ್ಟನೆಯವನಾಗುತ್ತಿದ್ದೆ ಎಂದು ಮಗ ಲೆಕ್ಕ ಹಾಕಿ ಕಳಿಸಿದ್ದಾನೆ. ಅದನ್ನು ನಾನು ತೆರೆದಿಲ್ಲ.

ಕೊನೆಗೆ ಬಂದವನಿಗೆ ಶಿಕ್ಷೆಯುಂಟು. ವಿಂಕನ್‌ಬಾಕ್‌ನ ಮರದ ಮುಖ ಈಗ ಬೇರೆ ರೂಪ ತಾಳಿದೆ. ಅಲ್ಲಿ ವಾಫಲ್ ಹೌಸ್ ಎಂಬ ಹಗಲೂ ರಾತ್ರಿ ತೆರೆದಿರುವ ಹೋಟೆಲುಗಳಿವೆ. ಸೋತವನು ಅಲ್ಲಿ 24 ಗಂಟೆ ಕೂರಬೇಕು. ಒಂದು ವಾಫಲ್ ತಿಂದರೆ ಒಂದು ಗಂಟೆ ಮಾಫಿ. ಸಿಲ್ಲೋಡಿನಲ್ಲಿ ವಾಫಲ್ ಹೌಸ್ ಇಲ್ಲ, ಆದ್ದರಿಂದ ಶಿಕ್ಷೆ ರದ್ದು ಎಂದು ನಾನು ವಾದಿಸಿದೆ. ಮಗನ ಗೆಳೆಯರು ಒಪ್ಪುವವರಿದ್ದರು. ಅಷ್ಟರಲ್ಲಿ ವಿಡಿಯೋ ಕಾಲಿನಲ್ಲಿ ಹಿಂದಿನಿಂದ ನನ್ನಾಕೆ, “ತಡೀರಿ, ನಮ್ಮ ಮನ್ಯಾಗ ಅದಕ್ಕ ಬದಲಿ ವ್ಯವಸ್ಥಾ ಅದ” ಎಂದಳು. ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಹನ್ನೊಂದು ಮಂದಿ ಚಪ್ಪಾಳೆ ತಟ್ಟಿದರು.

ಶಿವರಾತ್ರಿ ಮುಗಿದು ಬಿಸಿಲು ಬಲಿತ ಮೇಲೆ ಶಿಕ್ಷೆ ಜಾರಿಯಾಯಿತು. ವರ್ಷದ ಖಾರಕ್ಕೆ ಅವಳು ಎರಡು ಬಗೆ ಮೆಣಸಿನಕಾಯಿ ತರಿಸುತ್ತಾಳೆ: ಬಣ್ಣಕ್ಕೆ ಊರಿನಿಂದ ಬ್ಯಾಡಗಿ, ಖಾರಕ್ಕೆ ಈ ಊರಿನದು. ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಸುರಿದಿದ್ದಳು. ಬ್ಯಾಡಗಿಯ ಸಿಪ್ಪೆ ಸುಕ್ಕುಸುಕ್ಕು, ಒತ್ತಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ, ತೊಟ್ಟು ಹಿಡಿದು ತಿರುವಿದರೆ ಟಪ್ಪೆಂದು ಬಿಟ್ಟುಕೊಡುತ್ತದೆ. ಇಲ್ಲಿಯದರ ತೊಟ್ಟು ಬಿಡುವುದಿಲ್ಲ. ಜಗ್ಗಿದರೆ ಅರ್ಧಕ್ಕೆ ಮುರಿದು ಟೊಪ್ಪಿಗೆ ಕಾಯಿಯ ಮೇಲೇ ಉಳಿಯುತ್ತದೆ, ಉಗುರಿನಿಂದ ಕೀಳಬೇಕು, ಕಿತ್ತ ಬೆರಳನ್ನು ಮರೆತು ಮೂಗಿಗೆ ತಾಗಿಸಿದರೆ ಮುಂದಿನ ಕಾಲು ಗಂಟೆ ಲೆಕ್ಕಕ್ಕಿಲ್ಲ. ಶೇಂಗಾ ಎಣ್ಣೆ ಸವರಿಕೊಂಡು ಕೂತೆ. ಒಂದು ಕಿಲೋ ಬಿಡಿಸಿದರೆ ಒಂದು ಗಂಟೆ ಮಾಫಿ. ಎರಡು ಕಿಲೋ ಬಿಡಿಸುವಷ್ಟರಲ್ಲಿ ವಾಫಲ್ ತಿನ್ನುವವರ ಮೇಲೆ ನನಗಿದ್ದ ಕನಿಕರವೆಲ್ಲ ಹೋಯಿತು.

ನನ್ನಾಕೆ ಮೆಟ್ಟಿಲ ಮೇಲೆ ಕೂತು, ನಾನು ಬಿಡಿಸಿದ ಕಾಯಿಗಳನ್ನು ತಿರುಗಿಸಿ ನೋಡಿ, ತೊಟ್ಟು ಉಳಿದದ್ದನ್ನು ನನ್ನ ಕಡೆಗೇ ವಾಪಸು ಎಸೆಯುತ್ತಿದ್ದಳು. ಅವು ನನ್ನ ಎದೆಗೆ, ಮಡಿಲಿಗೆ ಬೀಳುತ್ತಿದ್ದವು. ಒಂದೆರಡನ್ನು ಹಿಡಿದೆ.

“ಬರೋ ವರ್ಷ ನಾನು ಆಡಂಗಿಲ್ಲ. ಹೊಸಬನನ್ನ ಹುಡುಕ್ಕೋ ಅಂತ ಅವಗ ಹೇಳಿಬಿಡ್ತೀನಿ” ಎಂದೆ.

“ಹಂಗ್ಯಾಕ್ರಿ? ಆಡ್ರಿ. ಬ್ಯಾಡ ಅಂದವರ್ಯಾರು?” ಎಂದಳು. ಇಷ್ಟು ಮೃದುವಾದ ಮಾತು ಕೇಳಿ ನನಗೆ ಆಶ್ಚರ್ಯವಾಯಿತು. ಅವಳು ಕ್ಯಾಲೆಂಡರಿನ ಪೆನ್ಸಿಲನ್ನು ಕಿವಿಯ ಹಿಂದೆ ಸಿಗಿಸಿಕೊಂಡು ಎದ್ದಳು. “ಖಾರ ವರ್ಷಾ ವರ್ಷಾ ಬೇಕಾಗ್ತದಲ್ರಿ. ಬರೋ ಸಲ ನಮ್ಮ ತಂಗಿ ಮನೀದೂ ನಾವೇ ಮಾಡಿ ಕಳಸ್ತೀವಿ ಅಂತ ಹೇಳಿಬಿಟ್ಟೀನಿ.”